ಕೆರೆ ಎಂದು ನಂಬಿದ ನೀರು

ಆಗ ನನಗೆ ಐವತ್ತೆಂಟು. ಇದು ನಡೆದು ಇಪ್ಪತ್ತೈದು ವರ್ಷವಾಯಿತು. ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಬಂಡೆಯ ಮೇಲೆ ನಿಂತಿದ್ದೆ. ನಾವು ನಡೆದು ಬಂದಿದ್ದ ದಾರಿ ನೀರಿನಡಿ ಹೋಗಿತ್ತು. ಮೋಡವಿಲ್ಲ, ಮಳೆಯಿಲ್ಲ. ಯಾರು ನಾಲೆ ಬಿಟ್ಟರು ಎಂದು ನನ್ನ ಮಂಡ್ಯದ ಬುದ್ಧಿ ಕೇಳಿತು.

ಮಗಳು ಸುಮ ಓಕ್ಲ್ಯಾಂಡಿನಲ್ಲಿ ನರ್ಸು. ಡಾಟ್‌ಕಾಂ ಕಂಪನಿಗಳ ಭರಾಟೆಯಲ್ಲಿ ಮನೆ ಸಿಗುವುದೇ ಕಷ್ಟ. ನೀರಿನ ದಂಡೆಯ ಹಳೇ ಅಪಾರ್ಟ್‌ಮೆಂಟು ಸಿಕ್ಕಿತ್ತು. ಅವಳ ಮಗಳು, ಐದು ವರ್ಷದ ಅನುವನ್ನು ನೋಡಿಕೊಳ್ಳಲು ನಾನು ಬಂದಿದ್ದೆ. ಸುತ್ತ ದಡ, ನಡುವೆ ಅಲೆಯಿಲ್ಲದ ನೀರು. ನಮ್ಮಲ್ಲಿ ಇಂಥದ್ದು ಕೆರೆ. ಹೊಸ ಊರಿನ ಗಂಗಮ್ಮನಿಗೆ ಅರಿಶಿನ ಕುಂಕುಮ ಹಾಕದೆ ಇರುವುದು ಹೇಗೆ? ಅಂದು ನೀರು ಹಿಂದೆ ಸರಿದು ಕೆಸರು ಕಾಣುತ್ತಿತ್ತು. ಬೇಸಿಗೆಗೆ ಬತ್ತಿದೆ ಎಂದುಕೊಂಡು ಬಂಡೆಯವರೆಗೂ ಹೋದೆ. ಪೂಜೆ ಮುಗಿಸಿ, ಬಿಸಿಲು ಕಾಯುತ್ತಾ ಕೂತು, ತಿರುಗಿ ನೋಡಿದರೆ ಹೀಗೆ.

"ಅಜ್ಜಿ, ಐ ಆಮ್ ಸ್ಕೇರ್ಡ್!"

"ಸುಮ್ನಿರು. ನನ್ ಕುತ್ಗೆ ಗಟ್ಟಿಯಾಗ್ ಹಿಡ್ಕೊ."

ನನಗೆ ಈಜು ಬರದು. ಇಳಿದರೆ ನೀರು ತೊಡೆಗೆ ಬಂತು, ಸೀರೆ ಕಾಲಿಗೆ ಸುತ್ತಿತು. ಪಕ್ಕದ ಮನೆಯ ಮೋರಾಗ್, ಸ್ಕಾಟ್ಲೆಂಡಿನ ಮುದುಕಿ, ಬೂಟು ಸಮೇತ ಇಳಿದು ಬಂದಳು. ನಾನು ಮುಗ್ಗರಿಸಿದೆ. ಮಗು ಕೈಜಾರಿತು. ಮೋರಾಗ್ ಮಗುವಿನ ಅಂಗಿ ಹಿಡಿದು ಎಳೆಯದಿದ್ದರೆ ಮುಗಿದೇ ಹೋಗುತ್ತಿತ್ತು.

ಸಂಜೆ ಮೋರಾಗ್ ಹೇಳಿದ್ದನ್ನು ಸುಮ ಕನ್ನಡದಲ್ಲಿ ತಿಳಿಸಿದಳು. ಇದು ಕೆರೆಯಲ್ಲ, ಒಳಕ್ಕೆ ಬಂದ ಸಮುದ್ರ. ದಿನಕ್ಕೆರಡು ಸಲ ಏರಿ ಇಳಿಯುತ್ತದೆ. ಅವಳ ಊರಿನ ಗೇಲಿಕ್ ಭಾಷೆಯಲ್ಲಿ ಇದಕ್ಕೆ 'ಲಾಖ್' ಎನ್ನುತ್ತಾರೆ, ಕೊನೆಯ ಅಕ್ಷರವನ್ನು ಗಂಟಲಲ್ಲೇ ಉಜ್ಜಿ. ಬೆಟ್ಟದ ನಡುವಿನ ಸಿಹಿನೀರಿಗೂ ಅದೇ ಪದ. ಇಂಗ್ಲಿಷಿನ ಲೇಕಿಗೂ ಅದಕ್ಕೂ ಬಹಳ ಹಿಂದೆ ಬೇರು ಒಂದೇ ಇತ್ತಂತೆ.

"ಎರಡಕ್ಕೂ ಒಂದೇ ಹೆಸರಿಟ್ರೆ ಮಕ್ಳು ಮುಳುಗಲ್ವಾ? ಕೇಳೇ ಅವಳನ್ನ."

ಮೋರಾಗ್ ನಕ್ಕು ಹೇಳಿದ್ದನ್ನು ಸುಮ ತಿಳಿಸಿದಳು: "ಹೆಸರು ನೋಡ್ಬೇಡಿ, ಕಲ್ಲು ನೋಡಿ ಅಂತಾರಮ್ಮ. ಪಾಚಿ ಎಲ್ಲೀವರೆಗೆ ಹತ್ತಿದ್ಯೋ ಅಲ್ಲೀವರೆಗೆ ನೀರು ಬರತ್ತಂತೆ." ಸುಮ ನಗಲಿಲ್ಲ. "ನಾಳೆಯಿಂದ ಅನು ಡೇಕೇರಿಗೆ ಹೋಗ್ಲಿ ಬಿಡು."

ನಾನು ಅನುವಿನ ಒದ್ದೆ ಅಂಗಿ ಹಿಂಡಿ ಒಣಹಾಕಿದೆ.

ಇಂದಿಗೂ ಓಕ್ಲ್ಯಾಂಡಿನಲ್ಲೇ ಇದ್ದೇನೆ. ಊರಿಗೆ ಹೋದಾಗ ಕೆರೆ ಏರಿಯ ಮೇಲೆ ನಿಂತರೆ, ನೀರು ಮೇಲೆ ಬಂದೀತೆಂದು ಕಾಲು ಹಿಂದೆ ಸರಿಯುತ್ತದೆ. ಇಲ್ಲಿಯ ದಂಡೆಯಲ್ಲಿ ಕೈ ತಾನಾಗಿ ಮುಗಿಯುತ್ತದೆ.

ಅಂದು, ನೀರಿನಿಂದ ಪಾರಾದ ಮಾರನೆಯ ಬೆಳಿಗ್ಗೆ, ಸುಮ ಅನುವನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟಳು. ನಾನು ಸೆರಗು ಬಿಗಿದು ಒಬ್ಬಳೇ ದಂಡೆಗೆ ಹೋಗಿ, ಒಂದೊಂದೇ ಕಲ್ಲು ಸವರಿ, ಪಾಚಿ ಎಲ್ಲಿಗೆ ನಿಂತಿದೆ ಎಂದು ನೋಡಿದೆ.