ಸೊನ್ನೆ ಬಿಟ್ಟ ಹೂಂ

ನಗೆಗಥೆ ಹೇಳಲು ರಾಣೆಬೆನ್ನೂರಿನ ರೇಡಿಯೊದವರು ಕರೆದಾಗ, ಬ್ಯಾಡಗಿಯ ನಮ್ಮ ಓಣಿಗೆಲ್ಲ ಸುದ್ದಿ ಹಂಚಿಯೇ ಬಸ್ಸು ಹತ್ತಿದ್ದೆ. ಅಲ್ಲಿ ಗಾಜಿನ ಆಚೆ ಕುಳಿತಿದ್ದ ಹುಡುಗಿ, ಕೆಂಪು ದೀಪ ಹತ್ತಿದ ಮೇಲೆ ಶುರು ಮಾಡಿ ಎಂದಳು.

"ಒಂದ ಊರಾಗ ಒಬ್ಬಾಕಿ ಸೊಸಿ ಇದ್ಲು" ಎಂದು ನಿಲ್ಲಿಸಿದೆ. ಆಕೆ ನನ್ನ ಮುಖ ನೋಡಿದಳು. ನಾನು ಆಕೆಯ ಮುಖ ನೋಡಿದೆ.

"ಮರತ್ರೇನ್ರಿ ಅಜ್ಜಿ?"

"ನಾ ಯಾಕ ಮರೀಲಿ? ನೀನ ಸುಮ್ನ ಕುಂತೀದಿ."

ಆಕೆಗೆ ಅರ್ಥವಾಗಲಿಲ್ಲ. ಏನು ಅರ್ಥವಾಗಲಿಲ್ಲ ಎನ್ನುವುದು ನನಗೂ ಅರ್ಥವಾಗಲಿಲ್ಲ. ಸೋಮವಾರ ಇನ್ನೊಮ್ಮೆ ನೋಡೋಣ, ಆಗಲೂ ಆಗದಿದ್ದರೆ ನಿಮ್ಮ ಕಥೆಯ ಹೊತ್ತಿಗೆ ಹಾಡು ಹಾಕುತ್ತೇವೆ ಎಂದಳು. ನನ್ನ ಬದಲು ಹಾಡು ಬಂದರೆ ಓಣಿಯಲ್ಲಿ ಮುಖ ಹೇಗೆ ತೋರಿಸಲಿ?

ಫೋನಿನಲ್ಲಿ ಬರೆಯುವುದನ್ನು ಆಗಷ್ಟೇ ಕಲಿತಿದ್ದೆ. ಒಂದೊಂದೇ ಅಕ್ಷರ ಹುಡುಕಿ ನನ್ನ ತೊಂದರೆ ಏನೆಂದು ಆ ಹುಡುಗಿಗೆ ಬರೆದು ಕಳಿಸಿದೆ. "ಆತ್ರಿ ಅಜ್ಜಿ" ಎಂದು ಉತ್ತರ ಬಂತು.

ಸೋಮವಾರ ಹೋದರೆ ಎರಡು ಮೊಳ ಮಲ್ಲಿಗೆ ಕೈಗಿಟ್ಟಳು.

"ಮುಡ್ಕೊಳ್ರಿ. ಈಗ ಕಥಿ ಬರತೈತಿ."

ಬರೀ ಧ್ವನಿ ಹೋಗುವ ಕಡೆ ಹೂವು ಯಾರಿಗೆ ಕಾಣಬೇಕು? ರೇಡಿಯೊದವರ ಪದ್ಧತಿ ಇದ್ದೀತೆಂದು ಮುಡಿದುಕೊಂಡೆ. ದೀಪ ಹತ್ತಿತು. ಸೊಸೆಯವರೆಗೆ ಹೇಳಿ ಮತ್ತೆ ನಿಂತೆ.

"ಹೂ ಕೊಟ್ಟೇನಲ್ರಿ ಅಜ್ಜಿ! ಮತ್ತೇನ್ ಬೇಕ್ರಿ?"

"ನಾ ಯಾವಾಗ ಹೂ ಕೇಳಿದ್ನವ್ವಾ?"

ಒಳಗೆ ಬಂದು ಫೋನು ತೋರಿಸಿದಳು. "ಹೂ ಇಲ್ಲದ ಕಥಿ ಬರೂದಿಲ್ಲ. ಹೂ ವ್ಯವಸ್ಥಾ ಮಾಡು." ನಾನೇ ಬರೆದದ್ದು.

"ಸೊನ್ನಿ ಎಲ್ಲೈತಂತ ಸಿಗಲಿಲ್ಲವ್ವಾ ಅದರಾಗ. ಅದು ಹೂ ಅಲ್ಲ, ಹೂಂ!"

ನಮ್ಮಲ್ಲಿ ಕಥೆ ಕೇಳುವವರು ಮಾತುಮಾತಿಗೂ ಹೂಂ ಅನ್ನಬೇಕು. ಹೂಂ ನಿಂತಿತೆಂದರೆ ಕೇಳುವವರು ನಿದ್ದೆ ಹೋದರೆಂದೇ ಅರ್ಥ. ಕಥೆಯೂ ಅಲ್ಲಿಗೇ ನಿಲ್ಲುತ್ತದೆ. ನನ್ನ ನಾಲಿಗೆಗೆ ಬೇರೆ ರೂಢಿಯಿಲ್ಲ.

ಆಕೆ ನಗುತ್ತ ನನ್ನೆದುರು ಬಂದು ಕುಳಿತಳು. ಸೊಸೆ ಅತ್ತೆಗೆ ಕಾಣದಂತೆ ಕಡುಬು ತಿನ್ನಲು ಖಾಲಿ ಕಣಜದೊಳಗೆ ಇಳಿದಳು ಎಂದೆ. "ಹೂಂ." ಕತ್ತಲಲ್ಲಿ ಕಡುಬು ಬಾಯಿಗಿಟ್ಟಳು. "ಹೂಂ." ಪಕ್ಕದಲ್ಲೇ ಇನ್ನೊಂದು ಬಾಯಿ ಚಪ್ಪರಿಸುವ ಸದ್ದು. "ಹಾಂ?" ಅತ್ತೆ ಮೊದಲೇ ಬಂದು ಕುಳಿತಿದ್ದಳು.

ಹುಡುಗಿ ಬಿದ್ದು ಬಿದ್ದು ನಕ್ಕಳು. ನಗುವನ್ನು ಹೂಂ ಎಂದು ಹಿಡಿಯಬೇಕೋ ಬಾರದೋ ತಿಳಿಯದೆ ನಾನು ಕಾಯುತ್ತ ಕುಳಿತೆ.

"ಹೂಂ, ಹೇಳ್ರಿ ಅಜ್ಜಿ. ಅತ್ತಿ ಏನಂದ್ಲು?"

"'ತುಪ್ಪ ತಂದೀಯೇನ?' ಅಂದ್ಲು."

ಹಾಡು ಹಾಕಲಿಲ್ಲ. ಕಥೆ ಹೂಂ ಸಮೇತ ಪ್ರಸಾರವಾಯಿತು. ಓಣಿಯವರೆಲ್ಲ ಫೋನಿನಲ್ಲಿ ಕೇಳಿದರು. ಮರುದಿನ ಎದುರು ಮನೆಯ ಸೊಸೆ ಓಡಿ ಬಂದಳು.

"ಅತ್ಯಾರ, ಆ ಹೂಂ ಅನ್ನಾಕಿ ಭಾಳ ಛಲೋ ಹೇಳ್ಯಾಳ್ರಿ! ಯಾವೂರಾಕಿ? ಲಗ್ನ ಆಗೇತೇನ್ರಿ?"

"ನಡುನಡುವ ನಾನೂ ಮಾತಾಡೇನಲ್ಲ?"

ಆಕೆ ಸ್ವಲ್ಪ ಯೋಚಿಸಿದಳು.

"ಹೌದ್ರಿ, ಅದೂ ಕೇಳಿಸ್ತು."