ಘೋಷಣೆಗೆ ನಿಲ್ಲುವ ಗುಳಿಗೆ

ನಮ್ಮ ಸರ್ ಅವರ ಎಡಗೆನ್ನೆ ಯಾವಾಗಲೂ ಒಂದಿಷ್ಟು ಉಬ್ಬಿರುತ್ತಿತ್ತು. ಪಾಠ ಮಾಡುವಾಗ ನಾಲಗೆ ತೊಡರಿದರೆ ಹೊಸ ವಿದ್ಯಾರ್ಥಿಗಳು ಹಲ್ಲುನೋವೆಂದುಕೊಳ್ಳುತ್ತಿದ್ದರು. ಅದು ಔಷಧ ಹಾಕದ ಖಾಲಿ ಗುಳಿಗೆ. ಒಸಡಿಗೂ ಕೆನ್ನೆಗೂ ನಡುವೆ ಅಂಟಿಸಿಕೊಂಡು, ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುತ್ತಿದ್ದರು.

ಜಹೀರಾಬಾದಿನ ಫಾರ್ಮಸಿ ಕಾಲೇಜಿನಲ್ಲಿ ಅವರು ನನ್ನ ಗೈಡ್. ರಾಯಿಕೋಡ್ ಕಡೆಯ ಒಕ್ಕಲು ಮನೆತನದವರು. ಹಣೆಗೆ ವಿಭೂತಿ, ಬಿಳಿ ಕೋಟಿನ ಜೇಬಿನಲ್ಲಿ ಹುರಿದ ಶೇಂಗಾ. ಅವರ ತಾಯಿಗೆ ಬಿಪಿ ಏರಿ ಲಕ್ವ ಹೊಡೆದಿತ್ತು. ಆಮೇಲೆ ಗುಳಿಗೆ ನುಂಗಲು ಬರಲಿಲ್ಲ. ತಾಯಿ ತೀರಿಕೊಂಡರು, ಆ ಚಿಂತೆ ಮಾತ್ರ ಮಗನಲ್ಲಿ ಉಳಿಯಿತು.

“ನುಂಗಿದ ಗುಳಿಗಿ ರಕ್ತಕ್ಕ ಮುಟ್ಟೂದ್ರಾಗ ಲಿವರ್ ಅರ್ಧ ತಿಂದ್ ಹಾಕ್ತದ. ಕೆನ್ನಿಗಿ ಅಂಟಿಸಿದ್ರ ಸೀದಾ ಹೋಗ್ತದ. ಹೆಂಗದ?” ಎನ್ನುತ್ತಿದ್ದರು, ಅಂದೇ ಹೊಳೆದದ್ದೆಂಬಂತೆ.

ತೆಲಂಗಾಣ ಚಳವಳಿಯ ಕಾಲ. ಇಂದು ಬಂದ್, ನಾಳೆ ರಾಸ್ತಾರೋಕೋ. ಲ್ಯಾಬಿನಲ್ಲಿ ಕುರಿಯ ಕೆನ್ನೆಯ ಒಳಪೊರೆಗೆ ಗುಳಿಗೆ ಅಂಟಿಸಿ ಪರೀಕ್ಷಿಸುತ್ತಿದ್ದೆವು. ನಾನು ಮಾಡಿದ್ದೊಂದು ಬೆಳಗಿನಿಂದ ಸಂಜೆತನಕ ಅಲುಗಾಡದೆ ನಿಂತಿತು. ಕೆಲಸ ಮುಗಿಯಿತೆಂದು ಹಿಗ್ಗಿದ್ದೆ.

ಆ ವಾರವೇ ಕೊಹೀರಿನ ಕಸಾಯಿ ಅಂಗಡಿಯಿಂದ ಪೊರೆ ತೆಗೆದುಕೊಂಡು ಬರುವಾಗ ಹೈವೇಯಲ್ಲಿ ಹುಡುಗರು ನಮ್ಮ ಜೀಪು ತಡೆದರು.

“ಇವತ್ತ ಒಂದ್ ಗಾಡೀನೂ ಬಿಡಂಗಿಲ್ರಿ ಸರ್. ನೀವೂ ಕೂಡ್ರಿ.”

“ಕೂಡಾಕ ಏನದ!” ಎಂದ ಸರ್, ನನ್ನದೊಂದು ಖಾಲಿ ಗುಳಿಗೆಯನ್ನು ಒಸಡಿಗೆ ಒತ್ತಿಕೊಂಡು ರಸ್ತೆಯ ಮೇಲೆ ಅವರ ನಡುವೆ ಕುಳಿತೇಬಿಟ್ಟರು. ಗಂಟಲು ಹರಿಯುವಂತೆ ಜೈ ತೆಲಂಗಾಣ ಎಂದು ಕೂಗತೊಡಗಿದರು. ನನಗೆ ಪೊರೆಯ ಡಬ್ಬಿಯಲ್ಲಿ ಕರಗುತ್ತಿದ್ದ ಮಂಜುಗಡ್ಡೆಯ ಚಿಂತೆ. ತುಸು ಹೊತ್ತಿಗೆ ಕೂಗು ನಿಲ್ಲಿಸಿ, ಅಂಗೈಗೆ ಏನೋ ಉಗುಳಿಕೊಂಡು ನನ್ನತ್ತ ಓಡಿಬಂದರು.

“ಬಿತ್ತು! ನೋಡವ್ವಾ ಇಲ್ಲಿ, ಬಿತ್ತು!”

ನನಗೆ ಅಳುವೇ ಬಂತು. ಪ್ರಬಂಧ ಒಪ್ಪಿಸುವ ದಿನ ಹತ್ತಿರವಿತ್ತು. “ಲ್ಯಾಬಿನಾಗ ನಿಂತಿತ್ತಲ್ರಿ ಸರ್!” ಅಂದೆ.

“ಲ್ಯಾಬಿನಾಗಿನ ಕುರಿ ಮಾತಾಡಂಗಿಲ್ಲವ್ವಾ. ಮನುಷ್ಯಾ ಮಾತಾಡ್ತಾನ.”

ಮರುದಿನದಿಂದ ಮತ್ತೆ ಮೊದಲಿನಿಂದ ಶುರು. ಗುಳಿಗೆ ತೆಳುವಾಯಿತು, ಅಂಚು ನುಣುಪಾಯಿತು, ಜಾಗ ಮೇಲೊಸಡಿಗೆ ಬದಲಾಯಿತು. ಮುಂದಿನ ಧರಣಿ ಎಲ್ಲಿ ಎಂದು ಸರ್ ತಾವೇ ವಿಚಾರಿಸತೊಡಗಿದರು. ತಾಂಡೂರಿನ ಸಭೆಯಲ್ಲಿ ಕೊನೆಯ ಭಾಷಣದವರೆಗೂ ಕೂಗಿದರು, ಗುಳಿಗೆ ಜಾರಲಿಲ್ಲ. ನನಗೆ ಪದವಿ ಬಂತು. ಗುಳಿಗೆ ಮಾತ್ರ ಅಂಗಡಿಯ ಮುಖ ಕಾಣಲಿಲ್ಲ. ಯಾವ ಕಂಪನಿಯೂ ಮುಂದೆ ಬರಲಿಲ್ಲ.

ವರ್ಷಗಳ ಮೇಲೆ, ಸರ್ ಆಸ್ಪತ್ರೆ ಸೇರಿದ್ದಾರೆಂದು ತಿಳಿದು ಹೋದೆ. ಹೃದಯ ಸೋತಿತ್ತು. ನರ್ಸ್ ಸಲೈನಿಗೆ ಔಷಧ ಸೇರಿಸುತ್ತಿದ್ದರೆ ಇವರು, “ಇದು ಹೆಂಗ ಕೆಲಸ ಮಾಡ್ತದ್ರಿ?” ಎಂದು ಕೇಳುತ್ತಿದ್ದರು. ಆಕೆ, “ಸುಮ್ನ ಮಲ್ಕೋರಿ ಸರ್” ಎಂದು ಹೊರಟುಹೋದಳು.

“ಹೊಸಾದು ಕಾಣ್ತದ. ನೀ ಹೇಳವ್ವಾ” ಎಂದರು ನನಗೆ.

ಮಂಚದ ಪಕ್ಕ ಕುಳಿತು ಹೇಳತೊಡಗಿದೆ. ಕಣ್ಣು ಮುಚ್ಚಿ, ಒಂದೊಂದು ಮಾತಿಗೂ ತಲೆಯಾಡಿಸುತ್ತ ಕೇಳಿದರು. ನಾನು ನಿಲ್ಲಿಸಿದಾಗ ಕಣ್ಣು ತೆರೆದು, “ಮತ್ತ?” ಎಂದರು.

ನನಗೆ ಗೊತ್ತಿದ್ದುದು ಅಷ್ಟೇ. ಓದಿಕೊಂಡು ನಾಳೆ ಬಂದು ಹೇಳುತ್ತೇನೆಂದೆ. ಬೆಳಗಾಗುವಷ್ಟರಲ್ಲಿ ಸರ್ ಇರಲಿಲ್ಲ. ಆದರೂ ಆ ದಿನ ಓದಿದೆ. ಅವರಿಗೆ ಉತ್ತರ ಹೇಳಬೇಕಿತ್ತು.