ಗೌಂಡಿ ಮೌನಪ್ಪನೂ ನನ್ನ ಬಚ್ಚಲಮನೆಯೂ

ಮೌನಪ್ಪನಿಗೆ ಯಾರು ಏನು ಹೇಳಿದರೂ ಅವನ ಬಾಯಿಂದ ಬರುವ ಮಾತು ಒಂದೇ. "ಆತ್ರಿ." ಗೋಡೆ ಒಡಿ ಅಂದರೆ ಆತ್ರಿ. ಒಡೆಯಬೇಡ ಅಂದರೂ ಆತ್ರಿ. ಹೋದ ವರ್ಷ ಬೇಸಿಗೆಯಲ್ಲಿ ಎರಡು ತಿಂಗಳು ಈ ಒಂದು ಮಾತು ಕೇಳಿ ಕೇಳಿ ನನ್ನ ತಲೆ ಕೆಟ್ಟುಹೋಯಿತು.

ಅವನು ಗೌಂಡಿ ಕೆಲಸದವನು, ಸುರಪುರದ ಕಡೆಯ ಹಳ್ಳಿಯವನು. ಹೈದರಾಬಾದಿಗೆ ಬಂದು ಇಪ್ಪತ್ತೆರಡು ವರ್ಷ. ಎತ್ತರದ ಆಳು, ಬೆನ್ನು ಸ್ವಲ್ಪ ಬಾಗಿದೆ, ಸಿಮೆಂಟು ತಿಂದು ಬೆರಳಿನ ಚರ್ಮವೆಲ್ಲ ಬಿಳಚಿಕೊಂಡಿದೆ. ಹೆಂಡತಿ ಮರೆಮ್ಮ ಅವನ ಜೊತೆಗೇ ಸಿಮೆಂಟು-ಮರಳಿನ ಮಾಲು ಕಲಸುತ್ತಾಳೆ. ಅವನ ಪಾಲಿನ ಮಾತನ್ನೂ ಅವಳೇ ಆಡುತ್ತಾಳೆ.

ಊರಂಚಿನ ಕುಷಾಯಿಗೂಡದ ಮನೆಯನ್ನು ನಮ್ಮ ಮನೆಯವರು ಬಹಳ ಹಿಂದೆ, ಅಲ್ಲಿಯ ಕಾರ್ಖಾನೆಯಲ್ಲಿದ್ದ ಒಬ್ಬರಿಂದ ತೆಗೆದುಕೊಂಡಿದ್ದರು. ನಮ್ಮವರು ಅಬಿಡ್ಸ್‌ನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದಲ್ಲಿದ್ದರು. ಕೆಲಸಕ್ಕೆ ಹತ್ತಿರವೆಂದು ನಾವು ಹಿಮಾಯತ್‌ನಗರದ ಗಲ್ಲಿಯಲ್ಲಿ ಬಾಡಿಗೆಗಿದ್ದೆವು. ಕುಷಾಯಿಗೂಡದ ಮನೆ ಬೇರೆಯವರಿಗೆ ಬಾಡಿಗೆಗೆ ಹೋಯಿತು. ಮೂವತ್ತನಾಲ್ಕು ವರ್ಷ ಹೀಗೇ ನಡೆಯಿತು. ಅವರು ತೀರಿಕೊಂಡ ಮೇಲೂ ನಾನು ಆ ಗಲ್ಲಿ ಬಿಡಲಿಲ್ಲ. ಹೋದ ಯುಗಾದಿಗೆ ಹಿಮಾಯತ್‌ನಗರದ ಮನೆಯ ಮಾಲೀಕರು ಸೂರ್ಯನಾರಾಯಣ ಬಂದು ಕೈಮುಗಿದರು. "ಏಮೀ ಅನುಕೋವದ್ದಮ್ಮಾ, ತಪ್ಪು ತಿಳಿಯಬೇಡಿ, ಶ್ರಾವಣದಲ್ಲಿ ಮಗಳ ಮದುವೆ. ಆಷಾಢ ಪಾಡ್ಯಕ್ಕೆ ಬಣ್ಣ ಬಳಿಯುವವರು ಬರುತ್ತಾರೆ." ಒಳ್ಳೆಯ ಮನುಷ್ಯ. ಜಗಳಕ್ಕೂ ಅವಕಾಶ ಕೊಡಲಿಲ್ಲ.

ಅಷ್ಟರೊಳಗೆ ಕುಷಾಯಿಗೂಡದ ಮನೆ ತಯಾರಾಗಬೇಕಿತ್ತು. ಆಗದಿದ್ದರೆ ನಾನು ಮಗಳು ಭಕ್ತಿಯ ಮನೆಗೆ ಹೋಗಬೇಕು. ಆಷಾಢದಲ್ಲಿ ಯಾರೂ ಹೊಸ ಮನೆಗೆ ಹೋಗಿ ಇರುವುದಿಲ್ಲ. ಆಮೇಲೆ ಶ್ರಾವಣದ ವ್ರತ, ಗಣಪತಿ, ಪಿತೃಪಕ್ಷ, ದಸರೆ ಎಂದು ಏನಾದರೊಂದು ಅಡ್ಡ ಬರುತ್ತಲೇ ಇರುತ್ತದೆ. ಭಕ್ತಿಯ ಮನೆ ಎರಡು ಕೋಣೆಯದು, ಬೆಳೆದ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಅವರ ಟಿವಿ ಮುಗಿದ ಮೇಲೆ ನನ್ನ ಹಾಸಿಗೆ ಬಿಚ್ಚಬೇಕು. ಒಮ್ಮೆ ಅಲ್ಲಿ ಹಾಸಿಗೆ ಬಿಚ್ಚಿದರೆ ನಾನು ಮತ್ತೆ ನನ್ನ ಮನೆ ಕಾಣುವುದಿಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತು.

ಕುಷಾಯಿಗೂಡದ ಮನೆಯಲ್ಲಿ ಸಂಡಾಸ, ಬಚ್ಚಲು ಎರಡೂ ಹಿತ್ತಲಲ್ಲಿದ್ದವು, ಎರಡು ಮೆಟ್ಟಿಲು ಹತ್ತಬೇಕು. ನನ್ನ ಎಡಮೊಣಕಾಲು ಮೆಟ್ಟಿಲು ಅಂದರೆ ಮುಷ್ಕರ ಹೂಡುತ್ತದೆ. ಅದಕ್ಕೇ ಒಳಗಿನ ಉಗ್ರಾಣದ ಕೋಣೆಯನ್ನು ಬಚ್ಚಲಮನೆ ಮಾಡಬೇಕೆಂದು ಮೌನಪ್ಪನನ್ನು ಕರೆದದ್ದು. ಕನ್ನಡದವನು, ಹೇಳಿದ್ದು ತಿಳಿಯುತ್ತದೆ ಎಂದುಕೊಂಡೆ. ತಿಳಿಯುತ್ತಿತ್ತು. ತೊಂದರೆ ಅಂದರೆ, ಎಲ್ಲರೂ ಹೇಳಿದ್ದು ತಿಳಿಯುತ್ತಿತ್ತು.

ನಾನು ದಿನ ಬಿಟ್ಟು ದಿನ ನಾರಾಯಣಗೂಡದವರೆಗೆ ನಡೆದು ಬಸ್ಸು ಹಿಡಿಯುತ್ತಿದ್ದೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಮೇಲೆ ಕೂಡಲು ಜಾಗವೇ ಇಲ್ಲ. ಒಂದು ಗಂಟೆ ನಿಂತುಕೊಂಡು ಹೋಗಿ ನೋಡಿದರೆ, ನಾನು ಬಾರದ ದಿನ ಯಾರೋ ಬಂದು ಏನೋ ಹೇಳಿ ಹೋಗಿರುತ್ತಿದ್ದರು. ಅಡಿಗೆ ಕಟ್ಟೆಯನ್ನು ನನ್ನ ಎತ್ತರಕ್ಕೆ ಕಟ್ಟಿಸಿದ್ದೆ. ಭಕ್ತಿ ಬಂದು "ಇಷ್ಟು ಗಿಡ್ಡ ಯಾರು ಕಟ್ಟಿಸ್ತಾರ?" ಅಂದಳು. ಮೌನಪ್ಪ ಆತ್ರಿ ಅಂದ, ನಾಲ್ಕು ಬೆರಳು ಏರಿಸಿದ. ನಾನು ಹೋಗಿ ಕೂಗಾಡಿದೆ. ಆತ್ರಿ ಅಂದ, ಒಡೆದು ಇಳಿಸಿದ. ಪಕ್ಕದ ಮನೆಯ ಮಾಣಿಕಪ್ಪ, ಕಾರ್ಖಾನೆಯಿಂದ ರಿಟೈರಾದವರು, ಕಾಂಪೌಂಡಿನ ಮೇಲಿಂದ ಬಗ್ಗಿ "ಅಡಿಗಿಮನಿ ಖಿಡಕಿಯಿಂದ ಧೂಳ ಬರ್ತದ, ಮುಚ್ಚು" ಅಂದರು. ಕಿಟಕಿ ಮುಚ್ಚಿ ಪ್ಲಾಸ್ಟರೂ ಆಯಿತು. ಒಳಗೆ ಹೋದರೆ ಗವಿ.

"ಮೌನಪ್ಪ, ಈ ಮನಿ ಯಾರ್ದು?"

"ನಿಮ್ದರಿ."

"ಮತ್ತ ಮಾಣಿಕಪ್ಪ ಹೇಳಿದ್ರ ನೀ ಯಾಕ ಕೇಳ್ದಿ?"

"ದೊಡ್ಡವರು ಅದಾರಲ್ರಿ."

ಇಂಥವನಿಗೆ ಏನೆಂದು ಬೈಯುವುದು? ಬೈದರೂ ಅದೇ ಆತ್ರಿ.

ಹಾಗೂ ಹೀಗೂ ಜ್ಯೇಷ್ಠ ಬಹುಳ ದಶಮಿಗೆ, ಧೂಳಿನ ನಡುವೆಯೇ ಎರಡು ಇಟ್ಟಿಗೆ ಇಟ್ಟು ಹಾಲು ಉಕ್ಕಿಸಿ ಪ್ರವೇಶದ ಶಾಸ್ತ್ರ ಮುಗಿಸಿದೆವು. ಬಚ್ಚಲದ ನೆಲಕ್ಕೆ ಟೈಲ್ಸ್ ಹಾಕುವುದೊಂದೇ ಬಾಕಿ. ಮರುದಿನ ಏಕಾದಶಿ, ಉಪವಾಸವೆಂದು ನಾನು ಹೋಗಲಿಲ್ಲ. ದ್ವಾದಶಿ ಸಂಜೆ ಹೋಗಿ ನೋಡಿದರೆ ನೆಲ ಕನ್ನಡಿಯಂತಿತ್ತು. ಟೈಲ್ಸಿನ ಸಂದುಗಳು ದಾರ ಹಿಡಿದು ಎಳೆದ ಹಾಗೆ ನೇರ. ನನಗೆ ಖುಷಿಯಾಯಿತು. ಬಕೆಟ್ಟು ತರಿಸಿ ನೀರು ಸುರಿದೆ.

ನೀರು ಸರಸರ ಹರಿದು, ಪೈಪು ಇದ್ದ ಮೂಲೆಯನ್ನು ಬಿಟ್ಟು ಎದುರಿನ ಮೂಲೆಗೆ ಹೋಗಿ ನಿಂತಿತು. ಅಲ್ಲಿ ತೂತೂ ಇಲ್ಲ, ಪೈಪೂ ಇಲ್ಲ. ಸಣ್ಣ ಕೆರೆಯಾಯಿತು.

"ಇದೇನೋ!"

"ಈಶಾನ್ಯರಿ," ಅಂದ ಮೌನಪ್ಪ.

"ಈಶಾನ್ಯ ಇದ್ರ?"

"ನಿನ್ನೆ ಅಳಿಯಂದಿರು ಬಂದಿದ್ರುರಿ. ಪ್ರತಿ ಕ್ವಾಣಿ ನೀರು ಈಶಾನ್ಯಕ್ಕ ಹರೀಬೇಕು, ಇಲ್ಲಂದ್ರ ಮನಿಗಿ ಒಳ್ಳೇದಲ್ಲ ಅಂದ್ರು."

ನನ್ನ ಅಳಿಯ ನರಹರಿಗೆ ವಾಸ್ತುವಿನ ಹುಚ್ಚು. ಈ ಊರಲ್ಲಿ ಬಾಗಿಲು ತಿರುಗಿಸದೆ, ಮೆಟ್ಟಿಲು ಕೀಳದೆ ಯಾರೂ ಮನೆಗೆ ಹೋಗುವುದಿಲ್ಲ, ಅದು ನನಗೆ ಹೊಸದಲ್ಲ. ಆದರೆ ಆ ಈಶಾನ್ಯ ಮೂಲೆಯ ಗೋಡೆಯಾಚೆ ನನ್ನ ದೇವರ ಕೋಣೆ!

"ಅಲ್ಲಿಂದ ನೀರು ಎಲ್ಲಿಗಿ ಹೋಗ್ಬೇಕೋ? ನನ್ನ ದೇವರ ತಲೀ ಮ್ಯಾಲೆ ಹೋಗ್ಬೇಕೇನು?"

"ಹೋಗಾಕ ದಾರಿ ಇಲ್ರಿ."

"ಇದು ಹಾಕುವಾಗ ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

ನಾನು ಬಕೆಟ್ಟು ಎತ್ತಿ ಒಗೆದೆ. ಅದು ಗೋಡೆಗೆ ಬಡಿದು ಅಂಗಳಕ್ಕೆ ಉರುಳಿತು. ಎಪ್ಪತ್ತು ದಾಟಿದ ಮೇಲೆ ಇಷ್ಟು ಸಿಟ್ಟು ಬಂದದ್ದು ಅದೇ ಮೊದಲು. ಮೂರು ದಿನಕ್ಕೆ ಅಮಾವಾಸ್ಯೆ, ಅದರ ಮರುದಿನ ಆಷಾಢ. ಕೂತು ಅತ್ತುಬಿಟ್ಟೆ ಅಂತಲೇ ಬರೆಯಬೇಕು.

ಮೌನಪ್ಪ ಎದ್ದು ನಲ್ಲಿಯ ಕಡೆ ಹೋದ. ಮರೆಮ್ಮ ಬಂದು ನನ್ನ ಪಕ್ಕ ಕುಕ್ಕುರುಗಾಲಲ್ಲಿ ಕೂತಳು.

"ಅಂವಗ ಎಷ್ಟ ಬೈದ್ರೂ ಅಷ್ಟ ಅವ್ವಾ. ಅಂವ ಒಮ್ಮೆ ಇಲ್ಲ ಅಂದಾನ. ಅದ ಸಾಕಾಗೇತಿ."

ಹತ್ತು ವರ್ಷದ ಹಿಂದಿನ ಮಾತಂತೆ. ದೊಡ್ಡದೊಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಮೌನಪ್ಪ ಊರಿನಿಂದ ಹದಿನಾಲ್ಕು ಜನರನ್ನು ಕರೆತಂದಿದ್ದ. ಎಲ್ಲರೂ ಅಲ್ಲೇ ತಗಡಿನ ಶೆಡ್ಡುಗಳಲ್ಲಿ ಇದ್ದರು. ಒಂದು ದಿನ ತೂಕದ ಗುಂಡು ಕಟ್ಟಿದ ದಾರ ಇಳಿಬಿಟ್ಟು ನೋಡಿ, ಈ ಗೋಡೆ ಎರಡು ಬೆರಳು ವಾಲಿದೆ, ಇದರ ಮೇಲೆ ಕಟ್ಟುವುದಿಲ್ಲ ಎಂದು ಇಂಜಿನಿಯರಿಗೆ ಎಲ್ಲರೆದುರು ಹೇಳಿದ. ಸಂಜೆಯ ಹೊತ್ತಿಗೆ ಗುತ್ತಿಗೆದಾರನ ಜನ ಬಂದು ಹದಿನಾಲ್ಕು ಮಂದಿಯ ಪಾತ್ರೆ, ಕೌದಿ ಎಲ್ಲ ಹೊರಗೆ ಎಸೆದರು. ಮೂರು ದಿನ ಕೂಸು ಕುನ್ನಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಇದ್ದರಂತೆ.

"ಊರವರು ಇಂಜಿನೇರಗ ಬೈಲಿಲ್ಲ ಅವ್ವಾ, ಇವಗ ಬೈದ್ರು. ನಿನ್ನ ನಾಲಗಿಯಿಂದ ನಮ್ಮ ಅನ್ನ ಹೋತು ಅಂದ್ರು. ಇವನ ತಮ್ಮ ಇವತ್ತಿಗೂ ಮಾತಾಡಂಗಿಲ್ಲ. ಆ ಗ್ವಾಡಿ ಆಮ್ಯಾಲ ಅವರ ಒಡದು ಕಟ್ಟಿದ್ರಂತ. ಇವನ್ನ ಯಾರೂ ಕರೀಲಿಲ್ಲ. ಅವತ್ತಿನಿಂದ ಯಾರು ಏನಂದ್ರೂ ಆತ್ರಿ."

ಕೇಳಿ ನನಗೆ ಪಾಪ ಅನಿಸಿತು. ಆದರೆ ಸಿಟ್ಟು ಇಳಿಯಲಿಲ್ಲ. ಹದಿನಾಲ್ಕು ಜನರಿಗೆ ಅನ್ಯಾಯವಾಯಿತು, ಸರಿ. ಅದಕ್ಕೆ ನನ್ನ ಬಚ್ಚಲದಲ್ಲಿ ಕೆರೆ ಯಾಕೆ? ಮೌನಪ್ಪನನ್ನು ಕರೆದೆ.

"ಇಲ್ಲಿ ಯಾರೂ ನಿನ್ನ ಕೌದಿ ಹೊರಗ ಒಗಿಯಂಗಿಲ್ಲ. ಇವತ್ತಿನಿಂದ ನಾನೂ ನಿನಗ ಏನೂ ಹೇಳಂಗಿಲ್ಲ. ಈ ಮನಿಯಾಗ ಏನೇನು ತಪ್ಪು ಆಗ್ಯಾದ, ನೀನೇ ಹೇಳು."

ಅವನು ಬಚ್ಚಲದ ಹೊಸ್ತಿಲಿಗೆ ಹೋಗಿ ಒಳಗೆ ಬಗ್ಗಿ ನೋಡಿದ. ಆಮೇಲೆ ಶುರುಮಾಡಿದ. ಬಚ್ಚಲದ ಇಳಿಜಾರು ತಪ್ಪು. ಮುಚ್ಚಿದ ಕಿಟಕಿ ತಪ್ಪು, ಹೊಗೆ ಹೋಗುವುದಿಲ್ಲ. ಬಚ್ಚಲದ ಬಾಗಿಲು ಒಳಕ್ಕೆ ತೆರೆಯುತ್ತದೆ, ನಾನು ಒಳಗೆ ಬಿದ್ದರೆ ಹೊರಗಿನವರು ತೆಗೆಯಲಾಗುವುದಿಲ್ಲ, ಅದು ತಪ್ಪು. ಮೊಣಕಾಲು ನೋವಿನವರಿಗೆ ಗೋಡೆಯಲ್ಲಿ ಹಿಡಿಯಲು ಕಬ್ಬಿಣದ ಪೈಪು ಕೂರಿಸಬೇಕಿತ್ತು, ಯಾರೂ ಹೇಳಲಿಲ್ಲ. ನೀರಿನ ಟಾಕಿಯ ಕೆಳಗಿನ ಕಟ್ಟೆಗೆ ಬಿರುಕಿದೆ. ಇಷ್ಟೆಲ್ಲ ನೋಡಿಕೊಂಡು ಎರಡು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕೆಲಸ ಮಾಡಿದ್ದನಲ್ಲ!

"ಮದಲ ಬಚ್ಚಲ ಒಡಿ," ಅಂದೆ. "ನಾಳಿ ಒಡೆದು, ನಾಡಿದ್ದು ಇಳಿಜಾರ ಮಾಡು. ಅಮಾಸಿ ದಿನ ಟೈಲ್ಸ್ ಹಾಕಿ ಮುಗಿಸು."

"ಒಡೀತೀನ್ರಿ. ಇಳಿಜಾರನೂ ಮಾಡ್ತೀನಿ. ಅಮಾಸಿಗಿ ಆಗಂಗಿಲ್ರಿ."

ನಾನು ತಪ್ಪು ಕೇಳಿಸಿಕೊಂಡೆನೋ ಎಂದು ಅವನ ಮುಖ ನೋಡಿದೆ.

"ಮಣ್ಣೆತ್ತಿನ ಅಮಾಸಿ ಐತ್ರಿ. ಕರಣಿ ಮುಟ್ಟಂಗಿಲ್ರಿ."

ನಮ್ಮ ಕಡೆ ಗೌಂಡಿ, ಬಡಿಗ, ಕಮ್ಮಾರ ಯಾರೂ ಅಮಾವಾಸ್ಯೆಗೆ ಕರಣಿ, ಉಳಿ, ಸುತ್ತಿಗೆಯಂಥ ಹತಾರ ಹಿಡಿಯುವುದಿಲ್ಲ. ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದು ಇಡುತ್ತಾರೆ. ಅದರಲ್ಲೂ ಅವತ್ತು ಮಣ್ಣಿನ ಎತ್ತು ಮಾಡಿ ಪೂಜಿಸುವ ದಿನ. ನಾನು ಹುಮನಾಬಾದಿನವಳು, ನನಗೆ ಗೊತ್ತಿಲ್ಲದ್ದಲ್ಲ. ಆದರೂ ಮೈಯೆಲ್ಲ ಉರಿದುಹೋಯಿತು.

"ಊರಿಗೆಲ್ಲಾ ಆತ್ರಿ, ನನಗ ಮಾತ್ರ ಆಗಂಗಿಲ್ಲೇನು? ಬ್ಯಾರೆ ಗೌಂಡಿನ ಕರೀತೀನಿ."

"ಕರೀರಿ. ನಮ್ಮ ಕಡೆಯಂವ ಯಾಂವನೂ ಬರಂಗಿಲ್ರಿ." ದನಿ ಏರಲಿಲ್ಲ, ತಲೆ ಬಗ್ಗಿಸಿಯೇ ಹೇಳಿದ. "ಟೈಲ್ಸಿನಿಂದ ಜಳಕ ಆಗಂಗಿಲ್ರಿ ಅವ್ವಾ. ಇಳಿಜಾರ ಸರಿ ಇದ್ರ ಬರೇ ಸಿಮೆಂಟಿನ ಮ್ಯಾಲೂ ನೀರು ಹೋಗತೈತಿ. ನೀವು ಬಂದುಬಿಡ್ರಿ."

ಟೈಲ್ಸ್ ಇಲ್ಲದ ಬಚ್ಚಲಕ್ಕೆ ಹೋಗಿ ಇರುವುದು! ಭಕ್ತಿ ಕೇಳಿದರೆ ನಗುತ್ತಾಳೆ. ಬಸ್ಸಿನಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಅವನ ಮೇಲೆ ಸಿಟ್ಟು ಮಾಡಿಕೊಂಡೇ ಬಂದೆ. ಹಿಮಾಯತ್‌ನಗರ ಬರುವ ಹೊತ್ತಿಗೆ ಬೇರೆ ದಾರಿ ಇಲ್ಲವೆಂದು ಗೊತ್ತಾಗಿತ್ತು.

ಚತುರ್ದಶಿಯ ದಿನ ನಾನು ಬೆಳಿಗ್ಗೆಯೇ ಹೋಗಿ ಬಚ್ಚಲದ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಹಿಂದಿನ ದಿನ ಟೈಲ್ಸೆಲ್ಲ ಒಡೆದಿದ್ದರು. ಮೌನಪ್ಪ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿ, ಗೋಡೆಗೆ ಗೆರೆ ಹಾಕಿ, ಸಿಮೆಂಟು ಎಳೆಯುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ನರಹರಿ ಆಟೋದಲ್ಲಿ ಆರು ಪೆಟ್ಟಿಗೆ ಹೊಸ ಟೈಲ್ಸ್ ಹೇರಿಕೊಂಡು ಬಂದ. ತಪ್ಪಾಯಿತೆಂದು ತಂದಿದ್ದಾನೆ ಅಂದುಕೊಂಡೆ. ಎಲ್ಲಿಯದು?

"ಅತ್ತೆ, ಪಂಡಿತರನ್ನು ಕೇಳ್ದೆ. ಪೈಪ್ ಅಲ್ಲೇ ಇರ್ಲಿ. ಇಳಿಜಾರ ಮದಲ ಈಶಾನ್ಯಕ್ಕ ಒಂಚೂರು ಕೊಟ್ಟು, ಆಮೇಲೆ ತಿರುಗಿಸಿದ್ರ ನಡೀತದಂತ. ಏ ಮೌನಪ್ಪ, ಹಂಗ ಮಾಡು."

ನಾನು ಕಣ್ಣು ಮುಚ್ಚಿಕೊಂಡೆ. ಆತ್ರಿ ಬರುತ್ತದೆಂದು ಕಾದೆ.

"ಆಗಂಗಿಲ್ರಿ," ಅಂದ ಮೌನಪ್ಪ.

"ಏನಂದಿ?"

"ನೀರು ಹಂಗ ತಿರುಗಂಗಿಲ್ರಿ. ಅಲ್ಲೇ ನಿಂದರತೈತಿ. ಪಾಚಿ ಹಿಡೀತೈತಿ. ಅವ್ವಾರು ಕಾಲು ಜಾರ್ತಾರ."

"ಯಾರು ಹೇಳಿಕೊಟ್ರು ನಿನಗ?" ನರಹರಿ ನನ್ನ ಕಡೆ ನೋಡಿದ.

"ನಾನ ಹೇಳಾಕತ್ತೀನ್ರಿ." ಕರಣಿಯಿಂದ ಸಿಮೆಂಟು ಎಳೆಯುವುದನ್ನು ಅವನು ನಿಲ್ಲಿಸಲಿಲ್ಲ. ಮರೆಮ್ಮ ಮಾಲಿನ ಬುಟ್ಟಿ ಹೊತ್ತುಕೊಂಡವಳು ಹಾಗೇ ನಿಂತಿದ್ದಳು.

ನರಹರಿಗೆ ಮುಖಭಂಗವಾಯಿತು. "ಯಾಕ ಇಷ್ಟು ತ್ರಾಸು, ಅತ್ತೆ? ಅರ್ಧಂಬರ್ಧ ಮನಿ. ದಸರಾ ತನಕ ನಮ್ಮಲ್ಲಿ ಇರ್ರಿ. ಭಕ್ತಿ ಹಾಸಿಗಿ ಸುದ್ದಾ ತೆಗೆದಿಟ್ಟಾಳ."

"ಟೆಂಪೋಕ್ಕೆ ಹೇಳೀನಿ," ಅಂದೆ. "ನಾಳಿ ಮುಂಜಾನಿ ಎಂಟಕ್ಕ ಬರ್ತದ."

ಹೇಳಿರಲಿಲ್ಲ. ಅವನು ಹೋದ ಮೇಲೆ ಹೇಳಿದೆ.

ಅಮಾವಾಸ್ಯೆಯ ದಿನ ನನ್ನ ಸಾಮಾನು ಬಂತು. ಮೌನಪ್ಪನೂ ಬಂದಿದ್ದ, ಒಗೆದ ಅಂಗಿ, ಹಣೆಗೆ ವಿಭೂತಿ. ಇವನು ಯಾಕೆ ಬಂದ ಎಂದು ನೋಡಿದರೆ, "ಕರಣಿ ಮುಟ್ಟಂಗಿಲ್ರಿ, ಕಪಾಟ ಮುಟ್ಟಬಹುದು" ಅಂದು ನನ್ನ ಕಬ್ಬಿಣದ ಕಪಾಟಿಗೆ ಹೆಗಲು ಕೊಟ್ಟ. ಭಕ್ತಿ ಅದನ್ನು ಕಿಟಕಿಯ ಹತ್ತಿರ ಇಡು ಅಂದಳು. ಆತ್ರಿ. ನರಹರಿ ನೈಋತ್ಯಕ್ಕೆ ಅಂದ. ಆತ್ರಿ. ಎತ್ತಿದ್ದನ್ನು ಇಳಿಸಿ, ಇಳಿಸಿದ್ದನ್ನು ಎತ್ತಿ, ಕಡೆಗೆ ನಾನು ಕಿರುಚಿದ ಮೇಲೆ ಅದು ನಡುಮನೆಯಲ್ಲೇ ಒಂದು ಕಡೆ ನಿಂತಿತು. ಹಸಿ ಸಿಮೆಂಟಿಗೆ ಅವತ್ತು ನೀರು ತಾಗಬಾರದೆಂದು, ಗೋಡೆ ಹಿಡಿದುಕೊಂಡು ಹಿತ್ತಲಿನ ಎರಡು ಮೆಟ್ಟಿಲು ಹತ್ತಿ ಇಳಿದೆ. ಮೊಣಕಾಲಿಗೆ ಶಾಪ ಹಾಕಿಕೊಳ್ಳುತ್ತ ನನ್ನ ಮನೆಯಲ್ಲಿ ಮಲಗಿದೆ.

ಪಾಡ್ಯದ ಬೆಳಿಗ್ಗೆ ಒಳಗಿನ ಬಚ್ಚಲದಲ್ಲಿ ಮೊದಲ ತಂಬಿಗೆ ಸುರಿದುಕೊಂಡೆ. ನೀರು ಅತ್ತಿತ್ತ ನೋಡದೆ ಪೈಪಿಗೆ ಹೋಯಿತು. ಒಂದು ಹನಿಯೂ ನಿಲ್ಲಲಿಲ್ಲ.

ಆಮೇಲೆ ಅವನು ಬಂದು ಕಿಟಕಿ ತೆಗೆದುಕೊಟ್ಟ, ಬಾಗಿಲು ಹೊರಕ್ಕೆ ತಿರುಗಿಸಿದ, ಹಿಡಿಯಲು ಪೈಪು ಕೂರಿಸಿದ, ಟಾಕಿಯ ಕಟ್ಟೆಯ ಬಿರುಕೂ ಮುಚ್ಚಿದ. ಟೈಲ್ಸ್ ಮಾತ್ರ ಇನ್ನೂ ಆಗಿಲ್ಲ. ಈಗ ಅವನಿಗೆ ಬೇರೆ ಮೂರು ಕಡೆ ಕೆಲಸವಿದೆ. ಫೋನು ಮಾಡಿದಾಗಲೆಲ್ಲ "ಬರೋ ಸೋಮಾರ ಬಾ" ಅನ್ನುತ್ತೇನೆ. "ಆತ್ರಿ ಅವ್ವಾ" ಅನ್ನುತ್ತಾನೆ. ಎಂಟು ತಿಂಗಳಾಯಿತು. ಆರು ಪೆಟ್ಟಿಗೆಗಳೂ ನಡುಮನೆಯಲ್ಲಿ ಒಂದರ ಮೇಲೊಂದು ಕೂತಿವೆ. ಮೇಲೊಂದು ಚಾದರ ಹಾಸಿದ್ದೇನೆ. ನರಹರಿ ಬಂದಾಗ ಅದರ ಮೇಲೆಯೇ ಕೂರಿಸುತ್ತೇನೆ.